ನನ್ನ ಅರ್ಜಿ, ಸಪ್ಪಲಮ್ಮನವರ ಕಾಲುವೆ

ಅರ್ಜಿ ಬರೆಯುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಜಂಬ ಹೇಗೆ ಇಳಿಯಿತು, ಇಳಿಸಿದವರು ಯಾರು ಎಂದು ಹೇಳುವುದಕ್ಕೇ ಕೂತಿದ್ದೇನೆ.

ನಾವು ತಿಪಟೂರಿನ ಕಡೆಯವರು. 1978ರಲ್ಲಿ ಜೆ.ಪಿ. ನಗರದ ತುದಿಯಲ್ಲಿ ಮನೆ ಕಟ್ಟಿಕೊಂಡು ಬಂದೆವು. ಆಗ ಅದು ನಗರ ಎಂದರೆ ನಗಬೇಕು, ಹಾಗಿತ್ತು. ನಮ್ಮ ಮನೆಯ ಹಿಂದೆ ರಾಗಿ ಹೊಲ, ಅದರಾಚೆ ಕೋಣನಕುಂಟೆ ಕಡೆಗೆ ಹೋಗುವ ಗಾಡಿದಾರಿ. ಬೀದಿಯಲ್ಲಿ ದೀಪವಿಲ್ಲ. ನಾನು ಅರ್ಜಿ ಬರೆದೆ, ದೀಪ ಬಂತು. ನಲ್ಲಿಯಲ್ಲಿ ವಾರಕ್ಕೆರಡು ಸಲ ನೀರು ಬರುತ್ತಿತ್ತು. ಅರ್ಜಿ ಬರೆದೆ, ದಿನ ಬಿಟ್ಟು ದಿನ ಬರತೊಡಗಿತು. ಹಾಲಿನ ಬೂತು ಬಂದದ್ದೂ ನನ್ನ ಅರ್ಜಿಯಿಂದಲೇ. ನಮ್ಮ ಮನೆಯವರು ಪರಮಶಿವಯ್ಯ, ಮುದ್ರಣಾಲಯವೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ. ನಾನು ಬರೆದದ್ದನ್ನು ಊಟ ಮುಗಿಸಿ ಓದುತ್ತಿದ್ದರು, ಕೆಂಪು ಪೆನ್ನಿನಲ್ಲಿ ಒತ್ತಕ್ಷರ ತಿದ್ದುತ್ತಿದ್ದರು, ಅಭಿಪ್ರಾಯ ಮಾತ್ರ ಹೇಳುತ್ತಿರಲಿಲ್ಲ. ವಿಷಯ ನಿನ್ನದು, ಕಾಗುಣಿತ ನನ್ನದು ಎನ್ನುತ್ತಿದ್ದರು.

ನಮ್ಮ ಸಾಲಿನ ಮನೆಗಳ ಹಿತ್ತಲಿಗೆ ಅಂಟಿಕೊಂಡಂತೆ ಒಂದು ಮೋರಿ ಇತ್ತು. ಆಳುದ್ದ ಆಳ, ಎರಡು ಮಾರು ಅಗಲ. ನಮ್ಮೆಲ್ಲರ ಬಚ್ಚಲ ನೀರು ಅದಕ್ಕೇ ಹೋಗುತ್ತಿತ್ತು. ಬೇಸಿಗೆಯಲ್ಲಿ ಗಬ್ಬು ನಾತ, ಸಂಜೆಯಾದರೆ ಸೊಳ್ಳೆ. 1980ರ ಸಂಕ್ರಾಂತಿ ಮುಗಿದ ವಾರ ನಾನು ಕೂತು ಒಂದೂವರೆ ಪುಟದ ಅರ್ಜಿ ಬರೆದೆ. ತೆರೆದ ಮೋರಿಯಿಂದ ಮಕ್ಕಳ ಆರೋಗ್ಯಕ್ಕೆ ಕುತ್ತು, ದಯಮಾಡಿ ಮುಚ್ಚಿಸಿಕೊಡಿ. ನಮ್ಮ ಬೀದಿಯ ಮಹಿಳಾ ಮಂಡಳಿಯ ಇಪ್ಪತ್ತಾರು ಮನೆಯವರ ಸಹಿ ಹಾಕಿಸಿ, ಜಯನಗರದ ಕಚೇರಿಗೆ ನಾನೇ ಹೋಗಿ ಕೊಟ್ಟು ಬಂದೆ. ಮೂರು ತಿಂಗಳಿಗೆ ಲಾರಿಗಳು ಬಂದವು. ಒಡೆದ ಮನೆಗಳ ಇಟ್ಟಿಗೆ, ಗಾರೆ, ಕಲ್ಲು, ಕೆಮ್ಮಣ್ಣು. ಏಳು ಮನೆಗಳ ಹಿಂದೆ ಮೋರಿ ನೆಲಸಮವಾಯಿತು. ಅವತ್ತು ನಾನು ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆ. ಆ ಹೊಸ ಮಣ್ಣಿನಲ್ಲಿ ಕಾಕಡ ಹೂವಿನ ಗಿಡ ಹಾಕಿದೆ, ಅದು ಚೆನ್ನಾಗಿಯೂ ಬಂತು.

ಆ ಮೋರಿಯ ದಂಡೆಯಲ್ಲಿ ಬೆಳಿಗ್ಗೆ ಹೊತ್ತು ಒಬ್ಬ ಹೆಂಗಸು ನಡೆದು ಹೋಗುವುದನ್ನು ನಾನು ಮೊದಲಿನಿಂದಲೂ ನೋಡಿದ್ದೆ. ಕುಳ್ಳು, ಕಪ್ಪು, ಸೀರೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿರುತ್ತಿದ್ದರು. ಹೆಗಲ ಮೇಲೆ ಸನಿಕೆ. ಅಲ್ಲಲ್ಲಿ ನಿಂತು ಮೋರಿಯೊಳಗಿಂದ ಕಡ್ಡಿ, ಕಸ, ಸತ್ತ ನಾಯಿ ಏನಿದ್ದರೂ ಎಳೆದು ಹೊರಗೆ ಹಾಕುತ್ತಿದ್ದರು. ಹುಲ್ಲು ಕೊಯ್ಯುವವಳು ಇರಬೇಕು ಎಂದುಕೊಂಡಿದ್ದೆ. ಹುಲ್ಲು ಕೊಯ್ಯುವವಳು ಸತ್ತ ನಾಯಿ ಯಾಕೆ ಎಳೆದು ಹಾಕುತ್ತಾಳೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಮೋರಿ ಮುಚ್ಚಿದ ಮೇಲೆ ಅವರು ಆ ದಾರಿಯಲ್ಲಿ ಕಾಣಿಸಲಿಲ್ಲ. ಕಾಣಿಸಲಿಲ್ಲ ಎಂಬುದೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಎರಡು ವರ್ಷ ಕಳೆದು, 1982ರ ಜೂನಿನಲ್ಲಿ ಒಂದು ಬೆಳಿಗ್ಗೆ ಅವರು ನಮ್ಮ ಗೇಟಿನ ಹೊರಗೆ ನಿಂತಿದ್ದರು. ಹೆಸರು ಸಪ್ಪಲಮ್ಮ, ಹಿಂದಿನ ಹಳ್ಳಿಯವರು, ಚಿಕ್ಕಕೆರೆಯ ನೀರುಗಂಟಿ. ಹೊಲಗದ್ದೆಗೆ ಕೆರೆಯ ನೀರು ಬಿಡುವುದು, ನಿಲ್ಲಿಸುವುದು, ಯಾರಿಗೆ ಎಷ್ಟು ಎಂದು ಹಂಚುವುದು, ಕೆರೆಗೆ ನೀರು ಬರುವ ದಾರಿ ಕಾಯುವುದು, ಇವೆಲ್ಲ ನೀರುಗಂಟಿಯ ಕೆಲಸ. ಮನೆತನಕ್ಕೆ ಬಂದ ಕೆಲಸ, ಗಂಡಸರದ್ದು. ಈ ಹೆಂಗಸು ಹೇಗೆ ನೀರುಗಂಟಿ ಎಂದು ನನಗೆ ಅನುಮಾನ. ಆದರೂ ಏನಾಗಬೇಕಿತ್ತು ಎಂದು ಕೇಳಿದೆ. ನೀನು ಎಂದೇ ಮಾತಾಡಿಸಿದೆ, ಗೇಟಿನಿಂದ ಒಳಗೆ ಕರೆಯಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ.

"ಅರ್ಜಿ ಚೆನ್ನಾಗಿ ಬರೀತೀರಂತೆ ಅಮ್ಮಾವ್ರು," ಅಂದರು. "ನಮ್ ಕೆರೆಗೊಂದು ಅರ್ಜಿ ಬರ್ಕೊಡಬೇಕು."

ಹೊಗಳಿಕೆ ಕೇಳಿ ಯಾರು ಕರಗುವುದಿಲ್ಲ? ನಾನು ಪೆನ್ನು ಹಾಳೆ ತಂದು ಮೆಟ್ಟಿಲ ಮೇಲೆ ಕೂತೆ. ಅವರು ಹೇಳಿದ್ದು ಇಷ್ಟು. ಎರಡು ಮಳೆಗಾಲದಿಂದ ಚಿಕ್ಕಕೆರೆಗೆ ಒಂದು ಹನಿ ನೀರು ಬಂದಿಲ್ಲ. ಮಳೆ ಬಂದಿದೆ, ನೀರು ಮಾತ್ರ ಕೆರೆಗೆ ಇಳಿಯುತ್ತಿಲ್ಲ. ಕೆರೆ ಒಣಗಿದೆ ಎಂದು ನೋಡಿ ಒಂದು ಗೃಹನಿರ್ಮಾಣ ಸಂಘದವರು ಕೆರೆಯಂಗಳದಲ್ಲಿ ಸೈಟು ಮಾಡಲು ಕೇಳಿದ್ದಾರೆ. ದೀಪಾವಳಿಯ ವಾರ ಇಂಜಿನಿಯರು ಬಂದು ನೋಡುತ್ತಾರೆ. ನೀರಿದ್ದರೆ ಕೆರೆ, ಇಲ್ಲದಿದ್ದರೆ ಸೈಟು. ಹಳ್ಳಿಯ ಅರವತ್ತು ಮನೆಗಳ ಬಾವಿ, ಗದ್ದೆ, ದನಕರು ಎಲ್ಲ ಆ ಕೆರೆಯ ಮೇಲೆ ನಿಂತಿವೆ.

"ನೀರು ಯಾಕೆ ಇಳೀತಿಲ್ಲ?" ಎಂದು ಕೇಳಿದೆ.

"ಕಾಲುವೆ ಮುಚ್ಚೋಗೈತೆ," ಎಂದರು. ಎಲ್ಲಿ ಎಂದು ಕೇಳಿದರೆ, ನೀವೇ ಬಂದು ನೋಡಿ ಎಂದರು.

ಹೋದೆ. ನಮ್ಮ ಬೀದಿಯ ಮೇಲ್ಗಡೆ, ಗುಡ್ಡದ ಬುಡದಿಂದ ಕಾಲುವೆಯ ಗುಂಟ ಅವರು ಮುಂದೆ, ನಾನು ಹಿಂದೆ ನಡೆದೆವು. ಕಲ್ಲು ಕಟ್ಟಿದ ಹಳೆಯ ದಂಡೆ ಅಲ್ಲಲ್ಲಿ ಇನ್ನೂ ಗಟ್ಟಿಯಾಗಿತ್ತು. ನಡೆಯುತ್ತ ನಡೆಯುತ್ತ ನಾಗಲಕ್ಷ್ಮಮ್ಮನವರ ಕಾಂಪೌಂಡು ಬಂತು. ಅವರು ನಮ್ಮ ಪಕ್ಕದ ಮನೆಯವರು. ಅಲ್ಲಿಗೆ ಕಾಲುವೆ ಮಣ್ಣಿನಡಿಗೆ ಹೋಯಿತು. ಮುಂದೆ ನನ್ನ ಕಾಕಡದ ಮಡಿ. ಅದರಾಚೆ, ಏಳನೆಯ ಮನೆ ದಾಟಿದ ಮೇಲೆ, ಹೊಸ ರಸ್ತೆಯ ಕೆಳಗಿನ ಸಿಮೆಂಟ್ ಕೊಳವೆಯ ಆಚೆ ಬದಿಯಲ್ಲಿ ಮತ್ತೆ ಕಾಲುವೆ ಎದ್ದು ಚಿಕ್ಕಕೆರೆಗೆ ಹೋಗುತ್ತಿತ್ತು. ಕೆರೆ ಬಿರುಕು ಬಿಟ್ಟು ಬಿದ್ದಿತ್ತು. ಮಧ್ಯದಲ್ಲಿ ಸಂಘದವರು ಆಗಲೇ ಸುಣ್ಣದ ಗೆರೆ ಎಳೆದು ನೋಡಿದ್ದರು. ನಾನು ಮುಚ್ಚಿಸಿದ್ದು ಮೋರಿಯನ್ನಲ್ಲ, ಒಂದು ಕೆರೆಯ ಗಂಟಲನ್ನು. ಮೋರಿಯಾಗಿದ್ದರೆ ಅದನ್ನು ಮೋರಿ ಮಾಡಿದವರೂ ನಾವೇ, ನಮ್ಮ ಬಚ್ಚಲ ನೀರೇ.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಸಪ್ಪಲಮ್ಮನವರು ನನ್ನ ಮುಖ ನೋಡಿ, ಬಿಸಿಲಿಗೆ ತಲೆ ಸುತ್ತಿತೇನೋ ಎಂದು ಹೊಂಗೆ ನೆರಳಿಗೆ ಕೂರಿಸಿದರು. ನಾನು ಕೂತೆ. ಅಲ್ಲಿಗೆ ತಿಮ್ಮರಾಯಪ್ಪ ಎಂಬ ಹಳ್ಳಿಯ ಹಿರಿಯರು ಬಂದರು. ಕಾಲುವೆ ಮುಚ್ಚಿಸಿದವರು ಯಾರೆಂದು ಗೊತ್ತಾದರೆ ಅವರ ಮನೆ ಮುಂದೆ ಕೂತು ಮರ್ಯಾದೆ ತೆಗೆಯುತ್ತೇನೆ ಎಂದು ಬೈದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಸಪ್ಪಲಮ್ಮ ನೀರುಗಂಟಿಯಾದ ಕಥೆಯನ್ನು ಹೇಳಿದವರೂ ತಿಮ್ಮರಾಯಪ್ಪನವರೇ. ಗಂಡ ಮುನಿಯಣ್ಣ ನೀರುಗಂಟಿಯಾಗಿದ್ದರು. 1973ರಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು. ಹೆಂಗಸು ತೂಬು ಎತ್ತುವುದುಂಟೇ ಎಂದು ಊರವರು ಕೂಡಿ, ಅರೆಕೆರೆಯಿಂದ ಮುನಿಯಣ್ಣನವರ ತಮ್ಮನ ಮಗನನ್ನು ಕರೆಸಿದರು. ಅವನು ಹೊಸ ಪಂಚೆ ಉಟ್ಟು ಬಂದ. ತೂಬು ಎಂದರೆ ಕೆರೆಯ ತಳದಲ್ಲಿ ನೀರು ಹೊರಗೆ ಬಿಡುವ ಬಾಯಿ. ಮುಳುಗಿ ಹೋಗಿ ಅದರ ಬಿರಡೆ ಎತ್ತಬೇಕು. ಅವನು ಮೂರು ಸಲ ಮುಳುಗಿದ, ಮೂರು ಸಲವೂ ಬರಿಗೈಯಲ್ಲಿ ಎದ್ದ. ಗದ್ದೆಗಳು ಬಾಡುತ್ತಿದ್ದವು. ಸಪ್ಪಲಮ್ಮನವರು ಏರಿಯ ಮೇಲೆ ನಿಂತಿದ್ದವರು ಸೀರೆ ಬಿಗಿದು ಇಳಿದರು. ಒಂದೇ ಸಲ. ಗದ್ದೆ ಕಡೆಯಿಂದ ನೀರು ಬಂತು ಎಂದು ಕೂಗಿದಾಗಲೇ ಊರವರಿಗೆ ಅವರು ಬಿರಡೆ ಎತ್ತಿದ್ದು ತಿಳಿದದ್ದು. ಗಂಡನ ಜೊತೆ ಹನ್ನೆರಡು ವರ್ಷ ಹಗ್ಗ ಹಿಡಿದು ನಿಂತವರಿಗೆ ತೂಬಿನ ಜಾಗ ಗೊತ್ತಿರುವುದಿಲ್ಲವೇ? ಅವತ್ತಿನಿಂದ ಅವರೇ ನೀರುಗಂಟಿ. ಊರಿನ ದೊಡ್ಡ ಹಿಡುವಳಿದಾರರಿಗೂ ಕೇರಿಯ ಬಡವರಿಗೂ ಒಂದೇ ಅಳತೆಯಲ್ಲಿ ನೀರು ಬಿಡುತ್ತಾರೆ ಎಂದು ತಿಮ್ಮರಾಯಪ್ಪ ಹೇಳಿದರು. ಅದರಲ್ಲಿ ಸ್ವಲ್ಪ ದೂರೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಅರ್ಜಿ ಬರೆದೆ. ಹಿಂದೆಂದೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ನಮ್ಮ ಮನೆಯವರು ಓದಿದರು, ಮೊದಲ ಸಲ ವಿಷಯದ ಬಗ್ಗೆ ಮಾತಾಡಿದರು. ಇದರಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂದರು. ಯಾವ ಸಾಲು ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಹಾಳೆ ಮಡಿಸಿ ಕವರಿಗೆ ಹಾಕಿದೆ.

ಜಯನಗರದ ಕಚೇರಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಒಬ್ಬರೇ ಒಳಗೆ ಹೋಗಿ ಎಂದು ಜವಾನ ಅಂದದ್ದರಿಂದ ಸಪ್ಪಲಮ್ಮನವರು ಹೊರಗೆ ಮೆಟ್ಟಿಲ ಮೇಲೆ ಕೂತರು. ಅದೇ ಒಳ್ಳೆಯದಾಯಿತು ಎಂದುಕೊಂಡೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಇಂಜಿನಿಯರು ಚಕ್ರಪಾಣಿ ಎಂಬವರು, ಕೆಟ್ಟವರಲ್ಲ, ಕೆಲಸದಲ್ಲಿ ಸೋತವರು. ಅರ್ಜಿ ಓದಿದರು. ಎದ್ದು ಹೋಗಿ ಬೀರುವಿನಿಂದ ಒಂದು ಫೈಲು ತಂದು ಬಿಚ್ಚಿದರು. ನನ್ನದೇ ಅಕ್ಷರ. ಎರಡು ಕಾಗದಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಮುಚ್ಚಿ ಅಂತ ಬರೆದಿರೋದೂ ಕಮಲಾದೇವಿ, ತೆಗೀರಿ ಅಂತ ಬರೆದಿರೋದೂ ಕಮಲಾದೇವಿ. ನಾನು ಯಾವ ಕಮಲಾದೇವಿ ಮಾತು ಕೇಳ್ಬೇಕು ಮೇಡಂ?"

ಎರಡನೆಯವಳ ಮಾತು ಕೇಳಿ ಸಾರ್, ಮೊದಲನೆಯವಳಿಗೆ ತಿಳಿವಳಿಕೆ ಇರಲಿಲ್ಲ ಎಂದೆ. ಅವರು ನಗಲಿಲ್ಲ. ಇಪ್ಪತ್ತಾರು ಜನ ಸಹಿ ಹಾಕಿದ ಮೇಲೆ ಮುಚ್ಚಿರುವುದರಿಂದ ಆ ಇಪ್ಪತ್ತಾರು ಜನವೂ ಆಕ್ಷೇಪಣೆ ಇಲ್ಲ ಎಂದು ಸಹಿ ಹಾಕಬೇಕು. ತೋಡಿಸುವುದಕ್ಕೆ ಕಚೇರಿಯಲ್ಲಿ ಅನುದಾನವಿಲ್ಲ, ನೀವೇ ತೋಡಿಕೊಂಡರೆ ತಡೆಯುವುದಿಲ್ಲ. ದೀಪಾವಳಿಯ ತನಿಖೆ ಮಾತ್ರ ಮುಂದಕ್ಕೆ ಹೋಗುವುದಿಲ್ಲ ಎಂದರು. ಹೊರಗೆ ಬಂದು ಸಪ್ಪಲಮ್ಮನವರಿಗೆ ಅರ್ಧ ಹೇಳಿದೆ. ಸಹಿ ಬೇಕಂತೆ, ನಾವೇ ತೋಡಬೇಕಂತೆ. ಯಾರ ಸಹಿ, ಯಾಕೆ ಎಂಬುದನ್ನು ನುಂಗಿಕೊಂಡೆ. ಅವರು ಕೇಳಲೂ ಇಲ್ಲ. ಮಳೆಗೆ ಇನ್ನೆಷ್ಟು ದಿನ ಎಂದು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು.

ಮೊದಲು ನನ್ನ ಹಿತ್ತಲಿನ ಕಾಕಡ ಕಿತ್ತೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮನೆಮನೆಗೆ ಹೋದೆ. ನಮ್ಮ ಬೀದಿಯವರಿಗೆ ಗುಟ್ಟೇನೂ ಇರಲಿಲ್ಲ, ಮೊದಲ ಅರ್ಜಿಗೆ ಅವರೇ ಸಹಿ ಹಾಕಿದ್ದವರು. ನನ್ನಿಂದ ತಪ್ಪಾಯಿತು ಎಂದು ಇಪ್ಪತ್ತೈದು ಬಾಗಿಲಲ್ಲಿ ಹೇಳಿದೆ. ಮೊದಲ ಬಾಗಿಲಲ್ಲಿ ತಲೆ ತಗ್ಗಿಸಿ ಹೇಳಿದೆ. ಹತ್ತನೆಯ ಬಾಗಿಲ ಹೊತ್ತಿಗೆ ನನಗೇ ಬೇಜಾರು ಬಂತು. ಕೆಲವರು ಕಾಫಿ ಕೊಟ್ಟು ಸಹಿ ಹಾಕಿದರು. ಕೆಲವರು ಸಹಿ ಹಾಕಿ ಬುದ್ಧಿವಾದ ಹೇಳಿದರು. ನಾಗಲಕ್ಷ್ಮಮ್ಮ ಮಾತ್ರ ಮುಖಕ್ಕೆ ಹೊಡೆದಂತೆ ಕೇಳಿದರು.

"ನಿಮಗೆ ಬೇಕಾದಾಗ ಮುಚ್ಚಿಸೋದು, ಬೇಡ ಅನಿಸಿದಾಗ ತೋಡಿಸೋದು. ನಾವೇನು ನಿಮ್ಮನೆ ಆಳುಗಳೇನ್ರೀ?"

ಅವರ ಹೊಸ ಕಾಂಪೌಂಡು ಕಾಲುವೆಯ ಮೇಲೇ ನಿಂತಿತ್ತು, ಅದನ್ನು ಒಡೆಯಬೇಕಿತ್ತು. ಅವರ ಕೋಪ ನ್ಯಾಯವಾದದ್ದೇ. ನಾನು ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆ. ಮೂರನೆಯ ಸಲ ಸಪ್ಪಲಮ್ಮನವರು ನನ್ನ ಜೊತೆ ಬಂದರು. ಕಾಲುವೆಯ ಮಾತನ್ನೇ ಎತ್ತಲಿಲ್ಲ. ಹಿತ್ತಲಿನ ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿ, ನೀರು ಯಾವಾಗಿನಿಂದ ಇಷ್ಟು ಕೆಳಕ್ಕೆ ಹೋಗಿದೆ ಎಂದು ಕೇಳಿದರು. ಎರಡು ವರ್ಷದಿಂದ ಎಂದರು ನಾಗಲಕ್ಷ್ಮಮ್ಮ. ಹಗ್ಗ ಎರಡು ಸಲ ಉದ್ದ ಮಾಡಿಸಿದ್ದೇನೆ ಎಂದು ಹೇಳುತ್ತ ಹೇಳುತ್ತ ತಾವೇ ಸುಮ್ಮನಾದರು. ಕಾಲುವೆಯಲ್ಲಿ ಮಳೆ ನೀರು ಹರಿದರೆ ಅಕ್ಕಪಕ್ಕದ ಬಾವಿಗಳಿಗೆ ಇಳಿಯುತ್ತದೆ ಎಂದು ಸಪ್ಪಲಮ್ಮ ಹೇಳಬೇಕಾಗಿಯೇ ಬರಲಿಲ್ಲ. ಸಂಜೆ ನಾಗಲಕ್ಷ್ಮಮ್ಮನವರ ಸೊಸೆ ಸಹಿಯಾದ ಕಾಗದ ತಂದುಕೊಟ್ಟಳು.

ಕಾಲುವೆ ತೋಡುವುದಕ್ಕೆ ಹಳ್ಳಿಯಲ್ಲಿ ಒಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ, ಮನೆಗೊಂದಾಳು. ಬಡವರು ಬಲ್ಲಿದರು ಎಂದಿಲ್ಲ, ಪ್ರತಿ ಮನೆಯಿಂದ ಒಬ್ಬರು ಸನಿಕೆ ಹಿಡಿದು ಬರಬೇಕು. ನೀರುಗಂಟಿ ಎರಡೂ ತೋಳು ಚಾಚಿ ಮಾರು ಅಳೆದು, ಇದು ನಿಮ್ಮ ಪಾಲು ಎಂದು ಗೂಟ ನೆಡುತ್ತಾರೆ. ಹಳ್ಳಿಯ ಅರವತ್ತು ಮನೆಯವರು ಬಂದರು. ನಮ್ಮ ಬೀದಿಯ ಗಂಡಸರಿಗೆ ಆಫೀಸು, ಅವರಿಗೆ ಭಾನುವಾರ ಮಾತ್ರ ಬಿಡುವು. ಹಾಗಾಗಿ ವಾರದ ದಿನಗಳಲ್ಲಿ ನಾವು ಹೆಂಗಸರೇ ಇಳಿದೆವು. ನೈಲಾನ್ ಸೀರೆ ಉಟ್ಟು, ಕೈಗೆ ಬಟ್ಟೆ ಸುತ್ತಿಕೊಂಡು, ಸನಿಕೆಯ ಯಾವ ಕಡೆ ಹಿಡಿಯಬೇಕು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು. ಹಳ್ಳಿಯ ಹೆಂಗಸರು ಮೊದಲ ದಿನ ನಕ್ಕು ಸುಸ್ತಾದರು, ಎರಡನೆಯ ದಿನ ಕಲಿಸಿಕೊಟ್ಟರು.

ಸಪ್ಪಲಮ್ಮನವರು ಕುಳ್ಳಾದ್ದರಿಂದ ಅವರ ಮಾರು ಚಿಕ್ಕದು. ಅದು ನಮ್ಮ ಪುಣ್ಯ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಎಲ್ಲರಿಗೂ ಒಂದೊಂದು ಮಾರು ಅಳೆದರು. ನನ್ನ ಮುಂದೆ ಬಂದು ಒಂದು ಮಾರು ಅಳೆದರು, ಗೂಟ ನೆಡದೆ ಇನ್ನೊಂದು ಮಾರು ಅಳೆದರು, ಆಮೇಲೆ ನೆಟ್ಟು ಮುಂದೆ ಹೋದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಎರಡು ಮಾರನ್ನೂ ತೋಡಿದೆ.

ಇನ್ನೊಂದು ವಿಷಯದಲ್ಲಿ ಅವರು ಕಲ್ಲಿನಂತೆ ನಿಂತರು. ಕಾಲುವೆಗೆ ಯಾರ ಮನೆಯ ಬಚ್ಚಲ ನೀರೂ ಬೀಳಕೂಡದು. ಅಂಗಳದಲ್ಲಿ ಗುಂಡಿ ತೋಡಿ, ಜಲ್ಲಿ ತುಂಬಿ, ಅಲ್ಲೇ ಇಂಗಿಸಬೇಕು. ಇದಕ್ಕೆ ನಮ್ಮ ಬೀದಿಯ ಗಂಡಸರು ಮೂಗು ಮುರಿದರು. ಮಹಿಳಾ ಮಂಡಳಿ ಸೇರಿ ತೀರ್ಮಾನ ಮಾಡಿದ ಮೇಲೆ ಯಾರ ಮೂಗು ಎಲ್ಲಿಗೆ ಮುರಿದರೇನು? ಎರಡು ವಾರದಲ್ಲಿ ಇಪ್ಪತ್ತಾರು ಮನೆಯಲ್ಲೂ ಗುಂಡಿ ಆಯಿತು. ನಡು ಮಧ್ಯಾಹ್ನ ಎಲ್ಲರೂ ಹೊಂಗೆಯ ಕೆಳಗೆ ಕೂತು ಉಣ್ಣುತ್ತಿದ್ದೆವು. ಸಪ್ಪಲಮ್ಮನವರ ಮನೆಯ ಮುದ್ದೆ, ಉಪ್ಸಾರು, ಖಾರ. ಅವರ ತಟ್ಟೆಯಿಂದಲೇ ನಾನು ಮುರಿದು ತಿಂದದ್ದನ್ನು ನಮ್ಮ ಅತ್ತೆ ನೋಡಿದ್ದರೆ ಏನೆನ್ನುತ್ತಿದ್ದರೋ. ನನಗೆ ಆ ಮುದ್ದೆಯ ಮೇಲೆ ಇವತ್ತಿಗೂ ಆಸೆ.

ಸೆಪ್ಟೆಂಬರಿನ ಕೊನೆಗೆ ಕಾಲುವೆ ಮೇಲಿಂದ ಕೆಳಗಿನವರೆಗೆ ಬಿಚ್ಚಿಕೊಂಡಿತು. ಮಳೆ ಬರಲಿಲ್ಲ. ಹಸ್ತ ಮಳೆ ಮೋಡ ತೋರಿಸಿ ಹೋಯಿತು. ದೀಪಾವಳಿಗೆ ಒಂದು ತಿಂಗಳಿತ್ತು. ಸಪ್ಪಲಮ್ಮನವರು ದಿನಾ ಬೆಳಿಗ್ಗೆ ಮತ್ತೆ ಅದೇ ದಂಡೆಯ ಮೇಲೆ ಸನಿಕೆ ಹೊತ್ತು ನಡೆಯತೊಡಗಿದ್ದರು. ಈಗ ನಾನು ಗೇಟು ತೆರೆದು ಕಾಯುತ್ತಿದ್ದೆ. ಒಳಗೆ ಬಂದು ಅಡಿಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ನೀನು ಹೋಗಿ ನೀವು ಆದದ್ದು ಯಾವಾಗ ಎಂದು ನನಗೂ ನೆನಪಿಲ್ಲ.

ಚಿತ್ತೆ ಮಳೆ ಬಂದದ್ದು ಒಂದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ. ಸುರಿದ ರಭಸಕ್ಕೆ ಎದುರು ಮನೆ ಕಾಣುತ್ತಿರಲಿಲ್ಲ. ಅರ್ಧ ಗಂಟೆಗೆ ಗುಡ್ಡದ ಕಡೆಯಿಂದ ನೀರು ಬಂತು, ಕೆಂಪಗೆ, ನೊರೆ ಕಟ್ಟಿಕೊಂಡು, ಎಲೆ ಕಡ್ಡಿ ಚಪ್ಪಲಿ ಎಲ್ಲ ತಳ್ಳಿಕೊಂಡು. ನಾವೆಲ್ಲ ಕೊಡೆ ಹಿಡಿದು ಹಿತ್ತಲಲ್ಲಿ ನಿಂತೆವು. ನಾಗಲಕ್ಷ್ಮಮ್ಮ ಕೈಮುಗಿದರು. ನೀರು ನಮ್ಮ ಏಳು ಮನೆ ದಾಟಿತು, ಹೊಸ ರಸ್ತೆಯ ಕೊಳವೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ಕೊಳವೆಯೊಳಗೆ ಏನೋ ಸಿಕ್ಕಿಕೊಂಡಿತ್ತು. ನೀರು ಏರುತ್ತ ಏರುತ್ತ ದಂಡೆ ಮುಟ್ಟಿತು. ಇನ್ನು ಹತ್ತು ನಿಮಿಷವಾದರೆ ರಸ್ತೆಯ ಮೇಲೆ ಹರಿದು ಇನ್ನೆಲ್ಲಿಗೋ ಹೋಗಿಬಿಡುತ್ತಿತ್ತು.

ಸಪ್ಪಲಮ್ಮನವರು ಓಡಿ ಬಂದರು. ಸನಿಕೆ ನನ್ನ ಕೈಗೆ ಕೊಟ್ಟು ನೀರಿಗೆ ಇಳಿದರು. ಎದೆ ಮಟ್ಟ ನೀರು, ಸೆಳೆತ ಬೇರೆ. ಕಾಲಲ್ಲಿ ತಡವಿದರು, ಮುಳುಗಿದರು, ಎದ್ದರು. ಸಿಮೆಂಟ್ ಚೀಲ, ಕಲ್ಲಾಗಿದೆ, ಒಬ್ಬಳ ಕೈಗೆ ಬರುವುದಿಲ್ಲ ಎಂದರು. ನಾನು ಸನಿಕೆ ಬಿಸಾಕಿ ಇಳಿದೆ. ಈಜು ಬಾರದವಳು, ತುಮಕೂರು ಜಿಲ್ಲೆಯ ಬಾವಿಗೆ ಇಣುಕಿ ನೋಡಲೂ ಹೆದರುತ್ತಿದ್ದವಳು. ಅವರು ನನ್ನ ಒಂದು ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ಚೀಲದ ಮೂಲೆಗೆ ಹಚ್ಚಿದರು. ಎಳೆದೆವು. ಚೀಲ ಅಲ್ಲಾಡಿತು, ಬಂತು, ನೀರು ಕೊಳವೆಯೊಳಗೆ ಗುಳುಗುಳು ಎನ್ನುತ್ತ ನುಗ್ಗಿತು. ದಂಡೆಯ ಮೇಲಿದ್ದವರು ನಮ್ಮನ್ನು ಎಳೆದುಕೊಳ್ಳದಿದ್ದರೆ ನಾವೂ ನುಗ್ಗುತ್ತಿದ್ದೆವು.

ಆಮೇಲೆ ಎಲ್ಲರೂ ನೀರಿನ ಹಿಂದೆ ಕೆರೆಯವರೆಗೆ ನಡೆದೆವು, ಕೊಡೆ ಗಿಡೆ ಮರೆತು. ಬಿರುಕಿಗೆ ನೀರು ಇಳಿಯುವ ಸದ್ದು ಕೇಳಿದೆ. ಆ ಸದ್ದು ಕೇಳಿಸಿದ್ದಕ್ಕೆ ದೇವರಿಗೆ ಎಷ್ಟು ಕೃತಜ್ಞಳಾದರೂ ಸಾಲದು. ಚಿತ್ತೆ ಮಳೆ ಮತ್ತೆ ನಾಲ್ಕು ದಿನ ಹೊಡೆಯಿತು, ಸ್ವಾತಿಯೂ ಕೈಬಿಡಲಿಲ್ಲ.

ದೀಪಾವಳಿಯ ವಾರ ಚಕ್ರಪಾಣಿಯವರು ಬಂದರು. ಪ್ಯಾಂಟು ಮಡಿಸಿಕೊಂಡು ಅಳತೆ ಕೋಲು ಹಿಡಿದು ಇಳಿದರು. ಸೊಂಟದ ಮೇಲಕ್ಕೆ ನೀರು ಬಂದಾಗ ಸಾಕು ಎಂದು ಎದ್ದು ಬಂದು, ಕೆರೆಯಲ್ಲಿ ನೀರಿದೆ, ನಿವೇಶನಕ್ಕೆ ತಕ್ಕದ್ದಲ್ಲ ಎಂದು ಅಲ್ಲೇ ಬರೆದರು. ಸುಣ್ಣದ ಗೆರೆ ಎಲ್ಲಿತ್ತು ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸಪ್ಪಲಮ್ಮನವರು 1988ರವರೆಗೂ ನೀರುಗಂಟಿಯಾಗಿದ್ದರು. ಮಂಡಿ ನೋವು ಬಂದ ಮೇಲೆ ದೊಡ್ಡ ಮಗಳು ಕೆಂಪಕ್ಕ ಸನಿಕೆ ಹಿಡಿದಳು. ಆಗ ಯಾವ ಹಿರಿಯರೂ ಕೂಡಿ ಚರ್ಚೆ ಮಾಡಲಿಲ್ಲ. ಆ ಆರು ವರ್ಷದಲ್ಲಿ ಒಂದು ವರ್ಷವೂ ಮನೆಗೊಂದಾಳು ತಪ್ಪಲಿಲ್ಲ, ನಮ್ಮ ಬೀದಿಯವರೂ ತಪ್ಪಿಸಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಇಂಜಿನಿಯರು ಬಂದು ಹೋದ ನಂತರದ ಸೋಮವಾರದ ಮಾತು. ಹಳ್ಳಿಯವರು ತೂಬಿನ ಹತ್ತಿರ ಗಂಗಮ್ಮನ ಪೂಜೆ ಇಟ್ಟುಕೊಂಡಿದ್ದರು. ಪೂಜೆ ಮುಗಿದ ಮೇಲೆ ತಿಮ್ಮರಾಯಪ್ಪನವರು ನನ್ನನ್ನು ಮುಂದಕ್ಕೆ ಕರೆದರು. ಕೆರೆ ಉಳಿಸಿದ ತಾಯಿ ಎಂದು ಹೊಗಳಿ, ತಾಂಬೂಲದ ತಟ್ಟೆ, ಅದರಲ್ಲಿ ಒಂದು ಹಸಿರು ಸೀರೆ ಇಟ್ಟು ಚಾಚಿದರು. ಊರೆಲ್ಲ ನೋಡುತ್ತಿತ್ತು. ಸಪ್ಪಲಮ್ಮನವರು ಹಿಂದೆ, ಹೆಂಗಸರ ಸಾಲಿನ ಕೊನೆಯಲ್ಲಿ, ತೂಬಿಗೆ ಇಳಿದು ಬಂದ ಒದ್ದೆ ಸೀರೆಯಲ್ಲಿ ನಿಂತಿದ್ದರು. ನನ್ನ ಕೈ ಮುಂದಕ್ಕೆ ಬರಲಿಲ್ಲ.

"ಇದನ್ನ ತಗೊಳ್ಳೋಕೆ ನನಗೆ ಯೋಗ್ಯತೆ ಇಲ್ಲ," ಎಂದೆ. "ಕಾಲುವೆ ಮುಚ್ಚಿಸಿದ್ದು ನಾನು. ಅರ್ಜಿ ಬರೆದು ನಾನೇ ಮುಚ್ಚಿಸಿದೆ."

ತಿಮ್ಮರಾಯಪ್ಪನವರ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಸಪ್ಪಲಮ್ಮನವರು ಹಿಂದಿನಿಂದ ಬಂದು ನನ್ನ ಪಕ್ಕ ನಿಂತರು.

"ಗೊತ್ತು ಬಿಡಿ," ಎಂದರು. "ಮಣ್ಣು ಸುರಿದ ದಿವ್ಸಾನೇ ಲಾರಿಯೋರ್ನ ಕೇಳ್ದೆ, ನಿಮ್ಮನೆ ತೋರಿಸಿದ್ರು."

ಗೊತ್ತಿದ್ದೂ ನನ್ನ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದೆ.

"ನಾವೂ ಎರಡು ವರ್ಷ ಅರ್ಜಿ ಕೊಟ್ವಿ, ಒಂದು ಕಲ್ಲೂ ಅಲ್ಲಾಡಲಿಲ್ಲ. ನೀವು ಒಂದೇ ಅರ್ಜಿ ಕೊಟ್ರಿ, ಮೂರೇ ತಿಂಗಳಿಗೆ ಇಡೀ ಕಾಲುವೆ ಮುಚ್ಚೋಯ್ತು. ಬರೆದ್ರೆ ಈಯಮ್ಮನೇ ಬರೀಬೇಕು ಅನ್ಕೊಂಡೆ."

ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ಅಳುತ್ತಿದ್ದೆ. ತಿಮ್ಮರಾಯಪ್ಪನವರು ಮಾತ್ರ ನಗಲಿಲ್ಲ. ಎರಡು ವರ್ಷ ಹುಡುಕಿದೆ, ಗೊತ್ತಿದ್ದವಳು ನನಗ್ಯಾಕೆ ಹೇಳಲಿಲ್ಲ ಎಂದು ಸಪ್ಪಲಮ್ಮನವರನ್ನು ಗದರಿದರು.

"ಹೇಳಿದ್ರೆ ನೀವು ಜನ ಕಟ್ಕೊಂಡು ಹೋಗಿ ಅವರ ಮನೆ ಮುಂದೆ ಕೂಗಾಡ್ತಿದ್ರಿ," ಎಂದರು ಸಪ್ಪಲಮ್ಮ. "ಅವರು ಬಾಗಿಲು ಹಾಕ್ಕೊಳ್ತಿದ್ರು. ಆಮೇಲೆ ತೆಗೀರಿ ಅಂತ ಬರೆಯೋರು ಯಾರು?"

ಆ ತಟ್ಟೆಯನ್ನು ಅವರ ಕೈಗೆ ಕೊಟ್ಟೆ, ಕಾಲಿಗೂ ಬಿದ್ದೆ. ಅವರು ಹಿಂದಕ್ಕೆ ಸರಿದರು, ಆದರೂ ಬಿದ್ದೆ. ಕೆರೆ ಉಳಿಯಿತು ಎಂಬುದೊಂದಕ್ಕೇ ಅಲ್ಲ ನಾನು ಅವರಿಗೆ ಋಣಿಯಾಗಿರುವುದು. ನನ್ನನ್ನು ಅವರು ನನಗಿಂತ ಚೆನ್ನಾಗಿ ಅರಿತಿದ್ದರು, ಅರಿತೂ ಬಿಟ್ಟುಕೊಡಲಿಲ್ಲ. ಅಂದು ಊರವರು ಕೂಗಾಡುತ್ತ ಬಂದಿದ್ದರೆ ನಾನು ಖಂಡಿತ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಷ್ಟೇ ಅಲ್ಲ, ಹಳ್ಳಿಯವರು ಬಂದು ಗಲಾಟೆ ಮಾಡುತ್ತಿದ್ದಾರೆ, ದಯಮಾಡಿ ರಕ್ಷಣೆ ಕೊಡಿ ಎಂದು ಪೊಲೀಸರಿಗೆ ಇನ್ನೊಂದು ಅರ್ಜಿಯನ್ನೂ ಬರೆಯುತ್ತಿದ್ದೆ, ಇಪ್ಪತ್ತಾರು ಸಹಿ ಹಾಕಿಸಿ.